ಕಡೇ ನುಡಿಯಲ್ಲಿ ಹೆಸರು

ಪದ ಕಟ್ಟುವುದು, ಅದಕ್ಕೆ ಧಾಟಿ ಹಚ್ಚುವುದು, ಜನರ ಮುಂದೆ ನಿಂತು ಹಾಡುವುದು, ಈ ಮೂರೂ ಕೆಲಸವನ್ನು ಒಬ್ಬರೇ ಮಾಡಿದಾಗ ಅವರನ್ನು ಈಗ ಸ್ವತಂತ್ರ ಹಾಡುಗಾರ ಎನ್ನುತ್ತಾರೆ. ಹೆಸರು ಹೊಸದು. ಅದನ್ನು ಕೇಳಿದೊಡನೆ ಬೆಂಗಳೂರಿನ ಕೆಫೆ, ಗಿಟಾರು, ಇಂಗ್ಲಿಷ್ ಬಲ್ಲ ಹುಡುಗ ಹುಡುಗಿಯರು ಕಣ್ಣ ಮುಂದೆ ಬರುತ್ತಾರೆ. ಕಲಘಟಗಿ ತಾಲೂಕಿನ ದುಮ್ಮವಾಡದಂಥ ಊರಿನಲ್ಲಿ ಹುಡುಗನೊಬ್ಬ ನಾಲ್ಕು ನುಡಿ ಬರೆದು, ಮೊಬೈಲಿನಲ್ಲಿ ಹಾಡಿಟ್ಟುಕೊಂಡು, ಜಾತ್ರೆಯ ಸ್ಟೇಜಿನಲ್ಲಿ ಅದನ್ನು ಹಾಡುತ್ತೇನೆಂದು ಹೊರಟರೆ ಹಿರಿಯರಿಂದ ಸಿಗುವ ಬುದ್ಧಿಮಾತು ಬಹುಮಟ್ಟಿಗೆ ಒಂದೇ ತೆರನದು: “ತಮ್ಮಾ, ಮೊದಲ ಮಂದಿಗೆ ಗೊತ್ತಿದ್ದ ಹಾಡ ಹಾಡು. ಹೆಸರಾಗ್ಲಿ. ನಿನ್ನ ಪದ ಆಮ್ಯಾಲ ನೋಡೂಣು.”

ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಆ ಮಾತಿನ ಬೆನ್ನಿಗೆ ಬಲವಾಗಿ ಬೇರುಬಿಟ್ಟ ಕೆಲವು ನಂಬಿಕೆಗಳಿವೆ. ಸ್ವಂತ ಹಾಡು ಹಾಡುವುದು ಪಟ್ಟಣದವರ ಹೊಸ ಹವ್ಯಾಸ ಎಂಬುದು ಒಂದು. ಹಳ್ಳಿಯ ಹಾಡೆಲ್ಲ ಜಾನಪದ, ಜಾನಪದಕ್ಕೆ ಕರ್ತೃವಿಲ್ಲ ಎಂಬುದು ಇನ್ನೊಂದು. ಗೊತ್ತಿಲ್ಲದ ಹಾಡನ್ನು ಜನ ಕೇಳುವುದಿಲ್ಲವಾದ್ದರಿಂದ ಪರರ ಹಾಡಿನ ಮೆಟ್ಟಿಲು ಹತ್ತಿಯೇ ಸ್ವಂತ ಹಾಡಿಗೆ ಬರಬೇಕು ಎಂಬುದು ಮೂರನೆಯದು. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಟೀವಿ ಸ್ಪರ್ಧೆಯ ತನಕ, ಜಾತ್ರಾ ಕಮಿಟಿಯಿಂದ ಹಿಡಿದು ಸಂಸ್ಕೃತಿ ಇಲಾಖೆಯ ಅರ್ಜಿಯ ತನಕ ಎಲ್ಲವೂ ಈ ನಂಬಿಕೆಗಳ ಮೇಲೆಯೇ ನಡೆದಿವೆ. ಮೂರೂ ತಪ್ಪು. ಧಾರವಾಡ ಸೀಮೆಯಲ್ಲಿ ಹಾಡು ಕಟ್ಟಿದವನೇ ಹಾಡುವುದು ಹಳೆಯ ಪದ್ಧತಿ. ಪರರ ಹಾಡು ಹಾಡಿ ಹೆಸರು ಮಾಡಬೇಕೆಂಬುದು ನಿನ್ನೆ ಮೊನ್ನೆ ಬಂದದ್ದು.

ಸಂತ ಶಿಶುನಾಳ ಶರೀಫರಿಂದಲೇ ಶುರು ಮಾಡಬಹುದು. ಅವರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ; ತೀರಿಕೊಂಡದ್ದು 1889ರಲ್ಲಿ. ಅವರ ಗುರು ಗೋವಿಂದ ಭಟ್ಟರ ಊರು ಕಳಸ, ಅದು ಕುಂದಗೋಳ ತಾಲೂಕಿನಲ್ಲಿದೆ. ಕೆಲಕಾಲ ಶಾಲಾ ಮಾಸ್ತರರಾಗಿದ್ದ ಶರೀಫರು ಆ ಕೆಲಸ ಬಿಟ್ಟು ಊರೂರು ತಿರುಗಿ, ಕಂಡದ್ದರ ಮೇಲೆ ಪದ ಕಟ್ಟಿ ಹಾಡಿದರು. ಸೋರುವ ಮನೆ, ಸೇದುವ ಗುಡುಗುಡಿ, ಸುತ್ತಿನ ನಾಡಿಗೆ ಹೊಸದಾಗಿ ಬಂದ ಗಿರಣಿ, ಯಾವುದೂ ಅವರ ಪದಕ್ಕೆ ಹೊರತಾಗಲಿಲ್ಲ. ಮೊಹರಮ್ಮಿನ ಅಲಾವಿಯ ಮುಂದೆ ಹಾಡುವ ಪದಗಳನ್ನೂ ಕಟ್ಟಿದರು. ಸಾಹಿತ್ಯ ಅವರದು, ಹಾಡಿಕೆ ಅವರದು, ಪದದ ಕೊನೆಗೆ ಶಿಶುನಾಳಧೀಶ ಎಂಬ ಅಂಕಿತವೂ ಅವರದು. ಅಮೆರಿಕದಲ್ಲಿ ಬರೆದು ಹಾಡುವವರಿಗೆ ಪ್ರತ್ಯೇಕ ಹೆಸರು ರೂಢಿಗೆ ಬಂದದ್ದು 1960ರ ದಶಕದ ಸುಮಾರಿಗೆ. ಅಷ್ಟರಲ್ಲಿ ಶರೀಫರು ತೀರಿ 70 ವರ್ಷ ಕಳೆದಿತ್ತು, ಅವರ ಪದಗಳು ಸುತ್ತಿನ ಭಜನಾ ಮೇಳಗಳ ಬಾಯಲ್ಲಿದ್ದವು.

ಶರೀಫರು ಸಂತರು, ಅವರ ಮಾತೇ ಬೇರೆ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಹಾಗಾದರೆ ಸಂತರಲ್ಲದವರನ್ನೇ ನೋಡಬೇಕು. ಗೀಗೀ ಪದ, ಲಾವಣಿ, ಡೊಳ್ಳಿನ ಪದ, ರಿವಾಯತ ಪದ ಇವೆಲ್ಲ ಕಟ್ಟುವ ಕವಿಯನ್ನೇ ನಂಬಿ ನಿಂತ ಪ್ರಕಾರಗಳು. ಹರದೇಶಿ ನಾಗೇಶಿಯ ಸವಾಲ್ ಜವಾಬಿನಲ್ಲಿ ಒಂದು ಮೇಳ ಗಂಡು ಹೆಚ್ಚೆಂದು ವಾದಿಸಿದರೆ ಇನ್ನೊಂದು ಹೆಣ್ಣು ಹೆಚ್ಚೆಂದು ವಾದಿಸುತ್ತದೆ. ಎದುರಿನವರು ಎಸೆದ ಪ್ರಶ್ನೆಗೆ ಪದದಲ್ಲೇ ಉತ್ತರ ಕೊಡಬೇಕು. ಉತ್ತರ ಕೈಯಲ್ಲಿಲ್ಲದಿದ್ದರೆ ಅಲ್ಲೇ ಕಟ್ಟಬೇಕು, ಇಲ್ಲವಾದರೆ ಸೋತಂತೆ. ಬಾಯಿಪಾಠದ ಹಾಡು ಎಷ್ಟಿದ್ದರೂ ಬೆಳಗಿನ ಜಾವದ ತನಕ ಆ ಕಣದಲ್ಲಿ ನಿಲ್ಲಲು ಅದೊಂದೇ ಸಾಲದು. ವಿಜಯಪುರ ಸೀಮೆಯ ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರನ್ನು ಜನ ಹೆಸರು ಹಿಡಿದು ನೆನೆಯುವುದು ಅವರ ಕಟ್ಟುವ ಶಕ್ತಿಗಾಗಿ.

ಪದ ಮುಗಿಯುವ ರೀತಿಯನ್ನು ಹತ್ತಿರದಿಂದ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಗುಡಿಯ ಕಟ್ಟೆಯ ಮೇಲೆ ಪೇಟಿ, ತಬಲಾ, ತಾಳ ಇಟ್ಟುಕೊಂಡು ಮೇಳ ಕೂತಿರುತ್ತದೆ. ಕಥೆಯ ಬಿಸಿಯಲ್ಲಿ ಏರಿಗೆ ಹೋಗಿದ್ದ ದನಿ ಕಡೇ ನುಡಿಗೆ ಬಂದಾಗ ತಗ್ಗುತ್ತದೆ. ಪೇಟಿ ಬಾರಿಸುವವನು ಗಾಳಿ ಹಿಡಿದು ಸ್ವರವನ್ನು ತೆಳ್ಳಗೆ ಮಾಡುತ್ತಾನೆ. ಮುಂದಿನ ಹಾಡುಗಾರ ಒಂದು ಕೈಯನ್ನು ಕಿವಿಗೆ ಕೊಟ್ಟು ಮೊದಲು ಊರಿನ ಹೆಸರು ಹೇಳುತ್ತಾನೆ, ಬಳಿಕ ಊರ ದೇವರು, ಬಳಿಕ ಕಲಿಸಿದ ವಸ್ತಾದ, ಕೊನೆಗೆ ಪದ ಕಟ್ಟಿದ ಕವಿ. ಹೆಸರು ಬಿದ್ದೊಡನೆ ಕೂತ ಹಿರಿಯರ ತಲೆ ಒಮ್ಮೆ ತೂಗುತ್ತದೆ. ಮೇಳ ಬೇರೆ ಊರಿಗೆ ಹೋದರೂ ಈ ನುಡಿಯನ್ನು ಬಿಡುವುದಿಲ್ಲ, ಬಿಟ್ಟರೆ ಪದವನ್ನು ಕದ್ದಂತೆ. ಹಾಳೆಯ ಮೇಲೆ ಕರ್ತೃವಿನ ಹೆಸರು ಅಚ್ಚಾಗುವ ಎಷ್ಟೋ ಮುಂಚೆಯೇ ಅದನ್ನು ಹಾಡಿನ ಮೈಯಲ್ಲೇ ಹೆಣೆದು ಕಾಯ್ದುಕೊಂಡ ಪದ್ಧತಿ ಇದು. ಇಂಥ ಸೀಮೆಯ ಹಾಡಿಗೆ ಕರ್ತೃವಿಲ್ಲ ಎನ್ನುವವರು ಹಾಡನ್ನು ಕೊನೆಯ ತನಕ ಕೇಳಿಲ್ಲ.

ಹಾಗಿದ್ದರೂ ಜಾನಪದ ಎಂಬ ಮಾತು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿತು. ಜಾನಪದ ಎಂದೇ ಓದಿಸುವ ಶ್ರೀಕೃಷ್ಣ ಪಾರಿಜಾತವನ್ನು ಕಟ್ಟಿದವರು ಅಪರಾಳ ತಮ್ಮಣ್ಣ, ಅದನ್ನು ಬೆಳೆಸಿ ಆಟದಲ್ಲಿ ಮೆರೆಸಿದವರು ಕುಲಗೋಡ ತಮ್ಮಣ್ಣ. ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯಿಂದ ಹುಟ್ಟಿದ ಸಂಗ್ಯಾ ಬಾಳ್ಯಾ ಸಣ್ಣಾಟಕ್ಕೆ ಪತ್ತಾರ ಮಾಸ್ತರರ ಹೆಸರಿದೆ. ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಈ ಭಾಗದ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯ ಒಂದಾದರೆ, ಸರಕಾರ ಹೊಸದಾಗಿ ಹೇರಿದ ಆದಾಯ ತೆರಿಗೆ ಇನ್ನೊಂದರ ವಸ್ತು. ತೆರಿಗೆಯ ಮೇಲಿನ ಪದ ಅನಾದಿಯಿಂದ ಬಂದದ್ದಾಗಿರಲು ಸಾಧ್ಯವಿಲ್ಲ. ಯಾರೋ ಒಬ್ಬರು ಆ ವರ್ಷಗಳ ಸಂಕಟವನ್ನು ಉಂಡು, ಆ ವರ್ಷಗಳಲ್ಲೇ ಕಟ್ಟಿದ್ದು ಅದು. ಇಂದು ಅಂಥದೇ ಕೆಲಸವನ್ನು ಬೆಂಗಳೂರಿನ ರ‍್ಯಾಪರ್ ಮಾಡಿದರೆ ಅದು ಸ್ವತಂತ್ರ ಸಂಗೀತ. ನವಲಗುಂದದ ಡೊಳ್ಳಿನ ಮೇಳದವನು ಮಾಡಿದರೆ ಜಾನಪದ. ಹಾಡಿನಲ್ಲಿ ಇಲ್ಲದ ವ್ಯತ್ಯಾಸವನ್ನು ಹಾಡುವವನ ವಿಳಾಸ ನೋಡಿ ಹುಟ್ಟಿಸಲಾಗಿದೆ.

ಕರ್ತೃವಿನ ಹೆಸರಿಲ್ಲದ ಹಾಡುಗಳೂ ಇವೆ, ಅದನ್ನು ಒಪ್ಪಲೇಬೇಕು. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ಗರತಿಯ ಹಾಡು ಸಂಕಲನದ ತ್ರಿಪದಿಗಳಿಗೆ ಅಂಕಿತವಿಲ್ಲ. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಮುಂದೆ ಹುಟ್ಟಿದ ಹಾಡುಗಳು ಹಾಗೆಯೇ ಬಂದಿವೆ. ಇದಕ್ಕೆ ಕಾರಣ ಹಾಡು ತಾನಾಗಿ ಹುಟ್ಟಿತೆಂಬುದಲ್ಲ. ಕಟ್ಟಿದ ಹೆಣ್ಣುಮಗಳಿಗೆ ಕಟ್ಟೆಯ ಮೇಲೆ ಜಾಗವಿರಲಿಲ್ಲ, ಹೆಸರು ಹೇಳಿಕೊಳ್ಳುವ ರೂಢಿಯೂ ಇರಲಿಲ್ಲ. ಅವಳು ತ್ರಿಪದಿಯಲ್ಲಿ ತವರಿನ ಹೆಸರು ಸೇರಿಸಿದಳು, ಅಣ್ಣನ ಹೆಸರು, ಮಗನ ಹೆಸರು ಸೇರಿಸಿದಳು, ತನ್ನದನ್ನು ಮಾತ್ರ ಬಿಟ್ಟಳು. ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ತೊಟ್ಟಿಲು ಕೊಳ್ಳಲು ಹೋದವರು ಯಾವ ಮನೆತನದವರು ಮಾಡಿದ್ದೆಂದು ವಿಚಾರಿಸಿಯೇ ಕೊಳ್ಳುತ್ತಾರೆ; ಆ ತೊಟ್ಟಿಲ ಮುಂದೆ ಹಾಡುವ ಜೋಗುಳವನ್ನು ಯಾರು ಕಟ್ಟಿದರೆಂದು ಕೇಳುವವರಿಲ್ಲ. ಹೆಂಗಸರಿಗಾದ ಈ ಅನ್ಯಾಯವನ್ನೇ ನಿಯಮವೆಂದು ತಿಳಿದು, ಹಳ್ಳಿಯ ಹಾಡೆಂದರೆ ಹೆಸರಿಲ್ಲದ್ದು ಎಂಬ ಸಿದ್ಧಾಂತ ಕಟ್ಟಿದ್ದು ದೊಡ್ಡ ತಪ್ಪು.

ಕಟ್ಟುವವರು ಬೇರೆ, ಹಾಡುವವರು ಬೇರೆ ಎಂಬ ಪಾಲು ಬಂದದ್ದು 20ನೆಯ ಶತಮಾನದ ಮಾಧ್ಯಮಗಳ ಜೊತೆಗೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಅದು ಈ ಭಾಗದ ಸಂಗೀತಕ್ಕೆ ಮಾಡಿದ ಉಪಕಾರ ಸಣ್ಣದಲ್ಲ, ಎಷ್ಟೋ ಹಳ್ಳಿಯ ದನಿಗಳು ಮೊದಲು ಕೇಳಿದ್ದು ಅಲ್ಲಿಂದಲೇ. ಆದರೆ ಆಕಾಶವಾಣಿಯ ಏರ್ಪಾಟಿನಲ್ಲಿ ಹಾಡುಗಾರನಿಗೆ ಒಂದು ಪರೀಕ್ಷೆ ಮತ್ತು ಶ್ರೇಣಿ, ಸಂಯೋಜಕನಿಗೆ ಇನ್ನೊಂದು ಮಾನ್ಯತೆ, ಗೀತರಚನೆಗೆ ಮತ್ತೊಂದು. ಸುಗಮ ಸಂಗೀತ ಈ ಚೌಕಟ್ಟಿನಲ್ಲೇ ಬೆಳೆಯಿತು. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಕವಿಗಳ ಪದ್ಯಗಳನ್ನು ಮನೆಮನೆಗೆ ಮುಟ್ಟಿಸಿದರು. ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿ ಸ್ವರ ಹಾಕಿದ ನಿತ್ಯೋತ್ಸವ ಧ್ವನಿಸುರುಳಿ ಬಂದದ್ದು 1978ರಲ್ಲಿ. ಮುಂದಿನ ಕ್ಯಾಸೆಟ್ಟುಗಳಿಗೆಲ್ಲ ಅದೇ ಮಾದರಿಯಾಯಿತು. ಕವಿ ಪುಸ್ತಕದಲ್ಲಿ, ಗಾಯಕ ವೇದಿಕೆಯಲ್ಲಿ. ಶರೀಫರಿಗೂ ಇದೇ ಆಯಿತು. ಟಿ. ಎಸ್. ನಾಗಾಭರಣರ ಸಂತ ಶಿಶುನಾಳ ಶರೀಫ ಚಿತ್ರ 1990ರಲ್ಲಿ ಬಂದ ಮೇಲೆ ಅಶ್ವತ್ಥರ ಧಾಟಿಯೇ ಶರೀಫರ ಧಾಟಿ ಎಂದು ಹೊಸ ತಲೆಮಾರು ತಿಳಿಯಿತು. ಆ ಧಾಟಿಗಳು ಚೆನ್ನಾಗಿವೆ. ಆದರೆ ಅದೇ ಪದವನ್ನು ತನ್ನದೇ ಚಾಲಿನಲ್ಲಿ ಹಾಡುತ್ತಿದ್ದ ಹಳ್ಳಿಯ ಮೇಳ, ಸಿನಿಮಾದ್ದು ಸರಿ, ತನ್ನದು ತಪ್ಪು ಎಂದು ಹಿಂಜರಿಯತೊಡಗಿತು. ಹಾಡು ಕೆಟ್ಟಿರಲಿಲ್ಲ, ಹಾಡುವವರ ಧೈರ್ಯ ಕೆಟ್ಟಿತ್ತು.

ಈ ಪಾಲುಗಾರಿಕೆ ಅನಿವಾರ್ಯವಾಗಿತ್ತೆಂದೂ ಹೇಳುವಂತಿಲ್ಲ. ದ. ರಾ. ಬೇಂದ್ರೆ ಸಭೆಗಳಲ್ಲಿ ತಮ್ಮ ಕವಿತೆಯನ್ನು ತಾವೇ ಲಯ ಹಿಡಿದು ಹೇಳಿ ಜನರನ್ನು ಕುಣಿಸಿದವರು. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ನಾಟಕದ ಹಾಡು ಬರೆದು, ಧಾಟಿ ಹಚ್ಚಿ, ತಾವೇ ಹಾಡಿದರು. ಅವರನ್ನು ಕವಿ, ನಾಟಕಕಾರ ಎಂದು ಕೊಂಡಾಡುತ್ತಾರೆ, ಜ್ಞಾನಪೀಠವೂ ಬಂತು. ಕನ್ನಡದ ದೊಡ್ಡ ಹಾಡುಕಟ್ಟುಗ, ಕಟ್ಟಿದ್ದನ್ನು ತಾನೇ ಹಾಡುವವನು ಎಂದು ಅವರನ್ನು ಎತ್ತಿ ಹೇಳುವುದು ಅಪರೂಪ. ಹಾಗೆ ಹೇಳಲು ಒಂದು ಖಾನೆಯೇ ಉಳಿದಿರಲಿಲ್ಲ.

ಮೊದಲು ಪರರದನ್ನು ಹಾಡಿ ಕಲಿಯಬೇಕು ಎಂಬ ವಾದಕ್ಕೆ ಈ ಸೀಮೆಯಲ್ಲಿ ತೂಕ ಹೆಚ್ಚು. ಖಯಾಲ್ ಗಾಯಕ ಸವಾಯಿ ಗಂಧರ್ವರು 1886ರಲ್ಲಿ ಹುಟ್ಟಿದ್ದು ಕುಂದಗೋಳದಲ್ಲಿ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಹೋಗಿ ಪಾಠ ಹೇಳಿಸಿಕೊಂಡರು, ಭೀಮಸೇನ ಜೋಶಿ ಗುರುಗಳ ಮನೆಯಲ್ಲಿದ್ದು ಕಲಿತರು. ಇಷ್ಟು ದೊಡ್ಡ ಉದಾಹರಣೆ ಎದುರಿಗಿರುವಾಗ, ವರ್ಷಗಟ್ಟಲೆ ಗುರುವಿನ ಬಂದಿಶ್ ಹಾಡದೆ ಸ್ವಂತದ್ದಕ್ಕೆ ಕೈ ಹಾಕಬಾರದು ಎಂಬ ಮಾತು ಸಹಜವಾಗಿ ಬರುತ್ತದೆ. ಅದರ ಅರ್ಧ ಭಾಗ ನಿಜ. ಕಲಿಯದೆ ಕಟ್ಟಲಾಗದು. ಡೊಳ್ಳಿನ ಮೇಳದಲ್ಲೂ ಶಿಷ್ಯ ಮೊದಲು ಹಿಮ್ಮೇಳದಲ್ಲಿ ನಿಂತು ವಸ್ತಾದನ ಪದಗಳನ್ನು ಬಾಯಿಪಾಠ ಮಾಡುತ್ತಾನೆ. ಆದರೆ ಆ ಕಲಿಕೆ ನಡೆಯುವುದೇ ಒಂದು ದಿನ ಅವನು ಕಟ್ಟಬೇಕೆಂಬ ಉದ್ದೇಶದಿಂದ. ಮೊದಲು ಒಂದು ನುಡಿ ಸೇರಿಸುತ್ತಾನೆ, ಆಮೇಲೆ ಸವಾಲಿಗೊಂದು ಜವಾಬು, ಆಮೇಲೆ ಇಡೀ ಪದ. ಖಯಾಲಿನಲ್ಲೂ ಬಂದಿಶ್ ಎರಡು ಸಾಲಿನದು, ಉಳಿದ ಮುಕ್ಕಾಲು ತಾಸನ್ನು ಹಾಡುವವರು ತಮ್ಮ ಬುದ್ಧಿಯಿಂದಲೇ ತುಂಬಬೇಕು. ಮೂಲ ಗಾಯಕನ ಉಸಿರು ಕೂಡ ಬದಲಾಗದಂತೆ ಸಿನಿಮಾ ಹಾಡನ್ನು ಟ್ರ್ಯಾಕಿನ ಮೇಲೆ ಒಪ್ಪಿಸುವುದು ಇವೆರಡಕ್ಕೂ ಹೋಲುವ ಕಲಿಕೆಯಲ್ಲ. ಅದರಲ್ಲಿ ಕಂಠ ಪಳಗಬಹುದು. ಮಾತು ಹುಡುಕುವ, ಪ್ರಾಸ ಕೂಡಿಸುವ, ಚಾಲು ಬದಲಿಸುವ ಅಭ್ಯಾಸ ಅದರಿಂದ ಬರುವುದಿಲ್ಲ, ಅದು ಕಟ್ಟಿ ಕಟ್ಟಿಯೇ ಬರಬೇಕು.

ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹೆಸರನ್ನೂ ಈ ವಾದಕ್ಕೆ ತರುವುದುಂಟು. 1962ರ ಅವರ ಮೊದಲ ಆಲ್ಬಮ್ಮಿನ 13 ಹಾಡುಗಳಲ್ಲಿ ಸ್ವಂತದ್ದು ಎರಡೇ. ಮರುವರ್ಷದ ಆಲ್ಬಮ್ಮಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಅವರದೇ. ಆ ಮೊದಲ ಆಲ್ಬಮ್ಮಿನಲ್ಲಿ ಅವರು ಹಾಡಿದ ಪರರ ಹಾಡುಗಳು ಹಳೆಯ ಬ್ಲೂಸ್ ಮತ್ತು ಊರ ಪದಗಳು, ಅಂದರೆ ಅವರ ಪಾಲಿನ ವಸ್ತಾದರ ಪದಗಳು. ಆ ವರ್ಷದ ಜನಪ್ರಿಯ ಚಿತ್ರಗೀತೆಗಳನ್ನು ಹಾಡಿ ಅವರು ಹೆಸರು ಮಾಡಲಿಲ್ಲ. ಹಾವೇರಿ ಜಿಲ್ಲೆಯ ಕುರಿ ಕಾಯುವ ಹುಡುಗ ಹನುಮಂತ ಲಮಾಣಿ 2019ರ ಸರಿಗಮಪ ಸ್ಪರ್ಧೆಯಲ್ಲಿ ರನ್ನರ್ ಅಪ್ ಆದಾಗ ಇಡೀ ಉತ್ತರ ಕರ್ನಾಟಕ ಹೆಮ್ಮೆಪಟ್ಟಿತು, ಆ ಹೆಮ್ಮೆ ನ್ಯಾಯವಾದದ್ದು. ಆದರೆ ಅದು ಕಂಠದ ಗೆಲುವು. ಅಂಥ ಸ್ಪರ್ಧೆಯಲ್ಲಿ ಅಂಕ ಬೀಳುವುದು ಎಲ್ಲರಿಗೂ ಗೊತ್ತಿರುವ ಹಾಡನ್ನು ಎಷ್ಟು ಚೆನ್ನಾಗಿ ಹಾಡಿದರೆಂಬುದಕ್ಕೆ. ಪದ ಕಟ್ಟುವವನಿಗೆ ಅದನ್ನೇ ದಾರಿ ಎಂದು ತೋರಿಸುವುದು ಬಡಿಗನಾಗಬೇಕೆಂದು ಬಂದವನನ್ನು ಬಣ್ಣ ಬಳಿಯುವ ಕೆಲಸಕ್ಕೆ ಹಚ್ಚಿದಂತೆ.

ಇನ್ನು ಜನ ಕೇಳುವುದಿಲ್ಲ ಎಂಬ ಮಾತು. ರಸಮಂಜರಿಯ ಸ್ಟೇಜಿನ ಮೇಲೆ ಇದು ನಿಜವೆಂಬಂತೆ ಕಾಣುತ್ತದೆ. ಜಾತ್ರೆಯ ರಾತ್ರಿ, ಝಗಮಗ ಲೈಟು, ಪೆನ್‌ಡ್ರೈವಿನಲ್ಲಿ ಟ್ರ್ಯಾಕು. ಹತ್ತು ಸಿನಿಮಾ ಹಾಡು ಮುಗಿದ ಮೇಲೆ, ರಾತ್ರಿ ಒಂದರ ಸುಮಾರಿಗೆ, ಹುಡುಗನಿಗೆ ಒಂದು ಅವಕಾಶ ಕೊಡುತ್ತಾರೆ. ಹಾಡು ಯಾವುದರ ಮೇಲಿನದು, ಯಾಕೆ ಕಟ್ಟಿದ್ದೆಂದು ಹೇಳಲು ನಿರೂಪಕ ಬಿಡುವುದಿಲ್ಲ. ಕೀಬೋರ್ಡಿನವನಿಗೆ ಸ್ವರ ಗೊತ್ತಿಲ್ಲ, ಜೊತೆಗೆ ಹಾಡುವವರಿಲ್ಲ. ಪಲ್ಲವಿ ಒಂದು ಸಲ ಬಂದು ಹೋಗುತ್ತದೆ, ಜನರ ಕಿವಿ ಅದನ್ನು ಹಿಡಿಯುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಮುಂದಿನ ಸಾಲಿನ ನಾಲ್ಕು ಮಂದಿ ಚಹಾಕ್ಕೆ ಎದ್ದರೆ ಕಮಿಟಿಯವರು ತೀರ್ಮಾನಕ್ಕೆ ಬರುತ್ತಾರೆ, ಸ್ವಂತ ಹಾಡು ನಡೆಯುವುದಿಲ್ಲ.

ಆದರೆ ಗೀಗೀ ಮೇಳದವರು ಹಾಡಿದ ಹೊಸ ಪದಕ್ಕೆ ಜನ ಏಳುವುದಿಲ್ಲ. ಅದಕ್ಕೆ ಕಾರಣ ಮೇಳದ ಕಟ್ಟಿನಲ್ಲೇ ಇದೆ. ಮುಂದಿನ ಹಾಡುಗಾರ ಮೊದಲು ನಾಲ್ಕು ಮಾತಿನಲ್ಲಿ ಪ್ರಸಂಗ ಹೇಳುತ್ತಾನೆ. ಪಲ್ಲವಿಯನ್ನು ಅವನು ಹೇಳಿದರೆ ಹಿಮ್ಮೇಳ ಅದನ್ನೇ ಹಿಡಿದು ಎತ್ತುತ್ತದೆ, ಮತ್ತೆ ಅವನು, ಮತ್ತೆ ಹಿಮ್ಮೇಳ. ಎರಡನೆಯ ನುಡಿಗೆ ಬರುವ ಹೊತ್ತಿಗೆ ಕೇಳುವವನು ಪಲ್ಲವಿಯನ್ನು ಐದಾರು ಸಲ ಕೇಳಿರುತ್ತಾನೆ, ಅದು ಅವನಿಗೆ ಗೊತ್ತಿರುವ ಹಾಡಾಗಿಬಿಟ್ಟಿರುತ್ತದೆ. ದಪ್ಪಿನ ಪೆಟ್ಟು, ತುಂತುಣಿಯ ಒಂದೇ ತಂತಿಯ ನಾದ, ತಾಳ ಇವು ಮಾತಿನ ಮೇಲೆ ಬಿದ್ದು ಅದನ್ನು ಮುಚ್ಚುವುದಿಲ್ಲ. ಹೊಸ ಪದವನ್ನು ಕೂತಲ್ಲೇ ಪರಿಚಯದ ಪದವನ್ನಾಗಿ ಮಾಡುವ ಈ ಉಪಾಯ ತಲೆಮಾರುಗಳ ಅನುಭವದಿಂದ ಬಂದದ್ದು. ರಸಮಂಜರಿಯ ಏರ್ಪಾಟಿಗೆ ಅದು ಬೇಕಿಲ್ಲ, ಏಕೆಂದರೆ ಅದು ಪರಿಚಯದ ಹಾಡನ್ನೇ ತಂದಿರುತ್ತದೆ. ಹೀಗಾಗಿ ಆ ಸ್ಟೇಜಿನಲ್ಲಿ ಸ್ವಂತ ಹಾಡು ಸೋತರೆ ಸೋತದ್ದು ಏರ್ಪಾಟು. ದೂರು ಮಾತ್ರ ಹಾಡಿನ ಮೇಲೆ ಬೀಳುತ್ತದೆ, ಹುಡುಗ ಅದನ್ನು ನಂಬಿ ವಹಿ ಮುಚ್ಚಿಡುತ್ತಾನೆ. ಈ ಇಡೀ ವಿಷಯದಲ್ಲಿ ಹೆಚ್ಚು ಸಂಕಟದ ಸಂಗತಿ ಇದೇ. ಹೀಗೆ ಮುಚ್ಚಿದ ವಹಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಜನ ಹೊಸದನ್ನು ಕೇಳುತ್ತಾರೆಂಬುದಕ್ಕೆ ಇಂದಿನ ಸಾಕ್ಷಿಯೂ ಇದೆ. ಬೀರದೇವರ ಜಾತ್ರೆಗಳಲ್ಲಿ ಡೊಳ್ಳಿನ ಪದದ ಜಿದ್ದಾಜಿದ್ದಿ ಕೇಳಲು ಜನ ಟ್ರ್ಯಾಕ್ಟರು, ಟಂಟಂ ಕಟ್ಟಿಕೊಂಡು ಬರುತ್ತಾರೆ, ಫ್ಲೆಕ್ಸಿನ ಮೇಲೆ ಮೇಳದವರ ಹೆಸರು ಫೋಟೊ ದೊಡ್ಡದಾಗಿರುತ್ತವೆ. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಡ್ರೈವರನೊಬ್ಬನ ಪ್ರೀತಿಯ ಹಾಡಿನಿಂದ ಯೂಟ್ಯೂಬಿನಲ್ಲಿ ಊರೂರು ಮುಟ್ಟಿದರು. 2025ರಲ್ಲಿ ಬಿಗ್ ಬಾಸ್ ಕಾರ್ಯಕ್ರಮ ಅವರನ್ನು ಕರೆಸಿಕೊಂಡದ್ದು ಅದರ ನಂತರ. ಟೀವಿಯಿಂದ ಸ್ವಂತ ಹಾಡಿಗೆ ಎಂಬ ದಾರಿ ಇಲ್ಲಿ ತಿರುವುಮುರುವಾಗಿದೆ. ಈ ಬಗೆಯ ಯೂಟ್ಯೂಬ್ ಹಾಡುಗಳೆಲ್ಲ ಒಳ್ಳೆಯವೆಂದು ಯಾರೂ ಹೇಳಲಾರರು. ಬಹಳಷ್ಟು ಒಂದೇ ಬೀಟಿನವು, ಹೆಣ್ಣನ್ನು ಹೀಗಳೆಯುವವೂ ಸಾಕಷ್ಟಿವೆ. ಆದರೆ ಕಟ್ಟುವವನಿಗೆ ಕಟ್ಟೆಯ ಮೇಲೆ ಹಿರಿಯರ ತಿದ್ದುವಿಕೆ ತಪ್ಪಿಹೋಗಿದ್ದರಿಂದಲೂ ಈ ಗತಿ ಬಂದಿದೆ. ಮೇಳದಲ್ಲಿ ಕೆಟ್ಟ ಮಾತು ಬಂದರೆ ವಸ್ತಾದ ಅಲ್ಲೇ ತಡೆಯುತ್ತಿದ್ದ.

ಪಟ್ಟಣದ ಸ್ವತಂತ್ರ ಸಂಗೀತ ಈ ನೆಲದಿಂದ ಎಷ್ಟು ದೂರದ್ದೆಂಬುದನ್ನೂ ನೋಡಬೇಕು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅಂತರಾಗ್ನಿ ಎಂಬ ಬ್ಯಾಂಡಿನಿಂದ ಶುರು ಮಾಡಿ, ಧ್ವನಿಮುದ್ರಣ ಕಂಪನಿಗಳು ಬೇಡವೆಂದ ಹಾಡುಗಳನ್ನೇ ವರ್ಷಗಟ್ಟಲೆ ಹಾಡಿ, 2008ರಲ್ಲಿ ಮೊದಲ ಆಲ್ಬಮ್ ತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಲುಂಗಿ, ಗೆಜ್ಜೆ ಕಟ್ಟಿ ಹಾಡಿದರು, ಮರುವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ ಬಂತು. ಕನ್ನಡದ ಸ್ವತಂತ್ರ ಸಂಗೀತದ ಮಾತು ಬಂದರೆ ಮೊದಲು ಅವರ ಹೆಸರೇ ಬರುತ್ತದೆ. ಆ ಮೊದಲ ಆಲ್ಬಮ್ಮಿನಲ್ಲಿ ಅವರ ಸ್ವಂತ ಹಾಡುಗಳ ಪಕ್ಕದಲ್ಲೇ ಕೂತಿರುವುದು ಶರೀಫರ ಪದ. ಗಿಟಾರಿನ ಮೇಲೆ ಅವರು ಹೊಸ ಧಾಟಿ ಹಚ್ಚಿದ ಆ ಮಾತು ಕಳಸದ ಗುರುವಿನ ಶಿಷ್ಯನದು. ಮೈಸೂರು ಬೆಂಗಳೂರುಗಳು ಶಿಶುನಾಳದಿಂದ ಸಾಲ ತಂದದ್ದನ್ನು ಶಿಶುನಾಳದ ನೆರೆಯ ಊರಿಗೇ ಹೊಸ ಸರಕೆಂದು ತೋರಿಸಲಾಗುತ್ತಿದೆ. ದುಮ್ಮವಾಡದ ಮಗ್ಗುಲಿನ ನೀರಸಾಗರ ಜಲಾಶಯದಿಂದ ದಶಕಗಳ ಕಾಲ ಹುಬ್ಬಳ್ಳಿಗೆ ಕುಡಿಯುವ ನೀರು ಹೋಗಿದೆ. ಹಾಡು ಮಾತ್ರ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ದುಮ್ಮವಾಡಕ್ಕೆ ಬರಬೇಕೆಂದು ತಿಳಿಯಲು ಕಾರಣವೇ ಇಲ್ಲ.

ಜಾನಪದ ಎಂಬ ಪಟ್ಟಿ ಅಂಟಿಸುವುದರಿಂದ ಗೌರವ ಕಡಿಮೆಯಾಗುವುದಷ್ಟೇ ಅಲ್ಲ, ದುಡ್ಡೂ ಹೋಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿನ ಮಾತು ಒಂದು ಸಾಹಿತ್ಯ ಕೃತಿ, ಧಾಟಿ ಒಂದು ಸಂಗೀತ ಕೃತಿ. ಕಟ್ಟಿದವನು ಬದುಕಿರುವ ತನಕ, ಸತ್ತ ಮೇಲೆ ಇನ್ನೂ 60 ವರ್ಷ ಹಕ್ಕು ಅವನದು, ಅವನ ಮಕ್ಕಳದು. ನೋಂದಣಿ ಮಾಡಿಸದಿದ್ದರೂ ಹಕ್ಕು ಇರುತ್ತದೆ. ಕರ್ತೃವಿನ ಹೆಸರಿಲ್ಲದೆ ಪ್ರಕಟವಾದ ಕೃತಿಗೆ ಆ 60 ವರ್ಷ ಪ್ರಕಟಣೆಯಿಂದಲೇ ಎಣಿಕೆಯಾಗುತ್ತದೆ. ಇನ್ನು ಸಾಂಪ್ರದಾಯಿಕ ಎಂದು ಬರೆದ ಹಾಡನ್ನು ಯಾರು ಬೇಕಾದರೂ ತೆಗೆದುಕೊಂಡು ಸಿನಿಮಾಕ್ಕೋ ಜಾಹೀರಾತಿಗೋ ಹಾಕಿಕೊಳ್ಳಬಹುದೆಂದು ಎಲ್ಲರೂ ತಿಳಿಯುತ್ತಾರೆ. ಮೂರು ತಿಂಗಳ ಹಿಂದೆ ಹೊಲದ ಬದುವಿನ ಮೇಲೆ ಕೂತು ಬರೆದ ಹಾಡಿನ ಕೆಳಗೆ ಜಾನಪದ ಗೀತೆ ಎಂದು ಬರೆದು ಯೂಟ್ಯೂಬಿಗೆ ಏರಿಸುವವನು ತನ್ನ ಹೊಲದ ಉತಾರದಿಂದ ತಾನೇ ಹೆಸರು ಅಳಿಸಿದಂತೆ.

ಆಡಿಯೊ ವ್ಯವಹಾರದಲ್ಲಿ ಒಂದೇ ಸಲ ದುಡ್ಡು ಕೊಟ್ಟು ಹಾಡನ್ನು ಪೂರ್ತಿ ಬರೆಸಿಕೊಳ್ಳುವ ರೂಢಿ ಇದೆ. ಇಲ್ಲಿ ಕಾಯ್ದೆ ಕಟ್ಟಿದವನ ಪರವಾಗಿದೆ, ಗೊತ್ತಿರುವವರು ಕಡಿಮೆ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಬೇಕು. ಎಷ್ಟು ವರ್ಷಕ್ಕೆಂದು ಬರೆಯದಿದ್ದರೆ 5 ವರ್ಷವೆಂದೇ ಲೆಕ್ಕ, ಎಲ್ಲಿಯ ಮಟ್ಟಿಗೆಂದು ಬರೆಯದಿದ್ದರೆ ಭಾರತದ ಮಟ್ಟಿಗಷ್ಟೇ. 2012ರ ತಿದ್ದುಪಡಿಯ ನಂತರ ಸಾಹಿತಿಯೂ ಸಂಗೀತ ಕಟ್ಟಿದವನೂ ತಮ್ಮ ರಾಯಧನದ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುವಂತೆ ಬರೆಸಿಕೊಳ್ಳುವುದು ಊರ್ಜಿತವಲ್ಲ. ಆ ರಾಯಧನ ವಸೂಲಿಗೆಂದೇ 1969ರಲ್ಲಿ ಹುಟ್ಟಿದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಲ್ಲಿ ಹಳ್ಳಿಯ ಪದಕಾರನೂ ಸದಸ್ಯನಾಗಬಹುದು. ಪರರ ಹಾಡನ್ನು ಜೀವನಪೂರ್ತಿ ಹಾಡಿದವನಿಗೆ ಆ ರಾತ್ರಿಯ ಸಂಭಾವನೆ ಬಿಟ್ಟರೆ ಇದಾವುದೂ ಸಿಗುವುದಿಲ್ಲ. ಮೊದಲು ಪರರ ಹಾಡು ಎಂಬ ಬುದ್ಧಿಮಾತು ಹುಡುಗನ ಹೊಟ್ಟೆಪಾಡಿನ ಕಾಳಜಿಯಿಂದ ಬಂದದ್ದಾದರೆ, ಈ ಲೆಕ್ಕವನ್ನೂ ಹೇಳಬೇಕಾಗುತ್ತದೆ.

ದುಮ್ಮವಾಡದಂಥ ಊರಿನಲ್ಲಿ ದಾರಿ ಹೊಸದಾಗಿ ಕಡಿಯಬೇಕಿಲ್ಲ, ಮುಚ್ಚಿಹೋದದ್ದನ್ನು ಬಿಡಿಸಬೇಕು. ಭಜನಾ ಮೇಳಕ್ಕೆ ಸೇರಿದ ಹುಡುಗನಿಗೆ ವರ್ಷದೊಳಗೆ ಒಂದು ನುಡಿ ಕಟ್ಟಲು ಹಚ್ಚುವುದು ಮೊದಲಿನ ರೂಢಿ, ಈಗಲೂ ಆಗುವ ಕೆಲಸ. ಆ ನುಡಿಯನ್ನು ಅಮಾವಾಸ್ಯೆಯ ಭಜನೆಯಲ್ಲಿ ಹಿರಿಯರ ಮುಂದೆ ಹಾಡಿ, ಎಲ್ಲಿ ಮಾತ್ರೆ ತಪ್ಪಿತು, ಎಲ್ಲಿ ಮಾತು ಒರಟಾಯಿತು ಎಂದು ಹೇಳಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಜಾತ್ರಾ ಕಮಿಟಿ ರಾತ್ರಿ ಒಂದಕ್ಕೆ ಕೊಡುವ ಐದು ನಿಮಿಷದ ಬದಲು ಸಂಜೆಯ ಮೊದಲ ಅರ್ಧ ತಾಸು ಕೊಡಬಹುದು. ಜೊತೆಗೆ ಪೇಟಿಯವನೊಬ್ಬ, ಪಲ್ಲವಿ ಎತ್ತಿಕೊಡುವ ನಾಲ್ಕು ದನಿ ಇದ್ದರೆ ಸಾಕು, ಟ್ರ್ಯಾಕಿನ ಗೊಡವೆಯೇ ಬೇಡ. ಕರಪತ್ರದಲ್ಲಿ ರಸಮಂಜರಿಯವರ ಹೆಸರು ಹಾಕುವಂತೆ ಪದ ಕಟ್ಟಿದವರ ಹೆಸರನ್ನೂ ಹಾಕಬಹುದು. ವಿಶ್ವವಿದ್ಯಾಲಯದ ಕೆಲಸವೂ ಇದೆ: 2011ರಲ್ಲಿ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಶರೀಫರ ಊರಿನದೇ ತಾಲೂಕಿನಲ್ಲಿ, ಜಾನಪದ ವಿಶ್ವವಿದ್ಯಾಲಯ ಶುರುವಾಗಿದೆ. ಪದಗಳನ್ನು ಸಂಗ್ರಹಿಸುವಾಗ ಕಡೇ ನುಡಿಯ ಹೆಸರನ್ನು ಬಿಡದೆ ಬರೆದುಕೊಂಡು, ಬದುಕಿರುವ ಕವಿಯನ್ನು ಕವಿಯೆಂದೇ ನಮೂದಿಸುವ ಪದ್ಧತಿ ಅಲ್ಲಿಂದ ಎಲ್ಲ ಕಡೆಗೂ ಹಬ್ಬಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ದಾರಿ ಇನ್ನೂ ಕಿರಿದು. ರಾತ್ರಿಯ ಜಾತ್ರೆ, ಪರ ಊರಿನ ಸ್ಟೇಜು, ಹಾಡುವವಳ ಬಗ್ಗೆ ಆಡುವ ಮಾತು, ಇವನ್ನೆಲ್ಲ ದಾಟುವುದು ಹುಡುಗರಿಗಿಂತ ಅವರಿಗೆ ಹತ್ತು ಪಾಲು ಕಷ್ಟ. ಸ್ವಸಹಾಯ ಸಂಘದ ಸಭೆ, ಸೀಮಂತ, ಸೋಬಾನೆಯ ಕೂಟಗಳಲ್ಲಿ ಈಗಲೂ ಅವರು ಹೊಸ ಹೊಸ ಸಾಲು ಸೇರಿಸುತ್ತಲೇ ಇದ್ದಾರೆ. ಅವು ಹಗಲಿನ ಕೂಟಗಳು, ಕೇಳುವವರು ಪರಿಚಯದವರು. ಅಲ್ಲಿ ಹುಟ್ಟಿದ ಪದವನ್ನು ಮೊಬೈಲಿನಲ್ಲಿ ಹಿಡಿದಿಡುವಾಗ ಸೇರಿಸಬೇಕಾದದ್ದು ಒಂದೇ ಒಂದು ನುಡಿ. ಅದರಲ್ಲಿ ಊರು, ತವರು, ಅಣ್ಣನ ಹೆಸರಿನ ಜೊತೆಗೆ ಕಟ್ಟಿದವಳ ಹೆಸರೂ ಇರಬೇಕು.